ತಂಗಿಯ ಮುಂದೆ ಕೆಮ್ಮಬಾರದು

ನನ್ನ ತಂಗಿ ಡಾಕ್ಟರು. ಅವಳ ಮುಂದೆ ನಾವು ಕೆಮ್ಮುವ ಹಾಗಿರಲಿಲ್ಲ.

ನಗಬೇಡಿ. ನಮ್ಮ ಓಣಿಯಲ್ಲಿ ಒಂದಿಡೀ ವರ್ಷ ಇದೇ ಕಾನೂನು ನಡೆಯಿತು. ಬೇರೆ ಯಾರ ಮುಂದೆ ಬೇಕಾದರೂ ಕೆಮ್ಮಬಹುದಿತ್ತು. ಅಂಗಡಿಯವನ ಮುಂದೆ, ಪೊಲೀಸಿನವನ ಮುಂದೆ, ಬೀದಿನಾಯಿಯ ಮುಂದೆ. ಡಾಕ್ಟರ ಮುಂದೆ ಮಾತ್ರ ಕೂಡದು. ಕೆಮ್ಮು ಬಂದರೆ ನುಂಗಬೇಕು. ನುಂಗಲಾಗದಿದ್ದರೆ ಓಡಬೇಕು. ಈ ಕಾನೂನು ಮಾಡಿದವರು ದೊಡ್ಡವರಲ್ಲ, ನಾವೇ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮದು ಚಿಂದಿ ಕೆಲಸ. ಊರಿನವರು ಉಟ್ಟು ಬಿಸಾಕಿದ ಬಟ್ಟೆಯೆಲ್ಲ ಗೋದಾಮಿಗೆ ಬರುತ್ತದೆ. ಗಂಟು ಬಿಚ್ಚುತ್ತೇವೆ. ಗುಂಡಿ ಕತ್ತರಿಸುತ್ತೇವೆ, ಜಿಪ್ಪು ಕೀಳುತ್ತೇವೆ, ಕಾಲರು ಹರಿಯುತ್ತೇವೆ. ಉಳಿದದ್ದನ್ನು ಹಲ್ಲಿನ ಯಂತ್ರಕ್ಕೆ ತಳ್ಳುತ್ತೇವೆ. ಯಂತ್ರ ಅದನ್ನು ಕಚ್ಚಿ, ಸಿಗಿದು, ನಾರು ಮಾಡಿ ಉಗುಳುತ್ತದೆ. ಆ ನಾರು ಹಾಸಿಗೆಯ ಹೊಟ್ಟೆಗೆ ಹೋಗುತ್ತದೆ, ಸೋಫಾದ ಹೊಟ್ಟೆಗೆ ಹೋಗುತ್ತದೆ. ಮಿಕ್ಕಿದ್ದು ನಮ್ಮ ಎದೆಗೆ ಹೋಗುತ್ತದೆ. ಜೀನ್ಸ್ ಪ್ಯಾಂಟು ಬಂದ ದಿನ ನಮ್ಮ ಕಫ ನೀಲಿ. ಕೆಂಪು ಪರದೆ ಬಂದ ದಿನ ಕೆಂಪು. ಆ ದಿನ ಹೊಸಬರು ರಕ್ತವೆಂದು ಹೆದರುತ್ತಾರೆ, ಹಳಬರು ನಗುತ್ತಾರೆ. ವಾರದ ರಜೆ ಮುಗಿದ ಮರುದಿನ ಕೆಮ್ಮು ಎಲ್ಲಕ್ಕಿಂತ ಜೋರು. ಒಂದು ದಿನ ಒಳ್ಳೆ ಗಾಳಿ ಕಂಡ ಎದೆ ಮತ್ತೆ ಧೂಳು ಕಂಡಾಗ ಹಠಕ್ಕೆ ಬೀಳುತ್ತದೆ.

ಅಮ್ಮ ನಾನು ಹುಟ್ಟುವ ಮೊದಲಿನಿಂದ ಅಲ್ಲಿದ್ದಾಳೆ. ಅಪ್ಪನೂ ಇದ್ದ, ಈಗಿಲ್ಲ. ನಾನು ಮೀಸೆ ಮೊಳೆತ ಹುಡುಗರ ಜೊತೆ ಸರಿಸಮ ಗಂಟು ಹೊರುವ ವಯಸ್ಸಿಗೆ ಸೇರಿದೆ. ತಂಗಿಯನ್ನು ಮಾತ್ರ ಗೋದಾಮಿನ ಬಾಗಿಲು ದಾಟಲು ನಾವಿಬ್ಬರೂ ಬಿಡಲಿಲ್ಲ. ಅವಳು ಓದಿದಳು. ಒಳ್ಳೆಯ ಅಂಕ ತೆಗೆದಳು. ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಕಿಕೊಳ್ಳಲು ಬಟ್ಟೆ ಇರಲಿಲ್ಲ. ಗೋದಾಮಿಗೆ ಬಂದ ಗಂಟಿನಲ್ಲಿ ಹರಿಯದೇ ಇದ್ದದ್ದನ್ನು ಆರಿಸಿ ಅಮ್ಮ ತೊಳೆದು ಕೊಟ್ಟಳು. ಮೊದಲ ದಿನವೇ ಪಕ್ಕದ ಬೆಂಚಿನವಳು ಇವಳ ಅಂಗಿಯ ತೋಳು ಹಿಡಿದು, "ಇದು ನಮ್ಮಣ್ಣಂದಲ್ವಾ? ಇಲ್ಲಿ ಶಾಯಿ ಕಲೆ ನಾನೇ ಮಾಡಿದ್ದು" ಅಂದಳಂತೆ. ಇಡೀ ತರಗತಿ ತಿರುಗಿ ನೋಡಿತಂತೆ. ತಂಗಿ ಅದನ್ನು ನಮಗೆ ನಗುತ್ತಲೇ ಹೇಳಿದಳು. ಅಮ್ಮ ನಗಲಿಲ್ಲ. ಮರುದಿನದಿಂದ ಅಂಗಿಗಳಿಗೆಲ್ಲ ಬೇರೆ ಬಣ್ಣ ಹಾಕಿದಳು.

ಓದಿಗೆ ಬ್ಯಾಂಕು ಸಾಲ ಕೊಟ್ಟಿತು. ಜಾಮೀನಿಗೆ ಅಮ್ಮ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ನಾವಿರುವ ಒಂದು ಕೋಣೆಯನ್ನೂ ಅದರಲ್ಲಿ ಸೇರಿಸಿಕೊಂಡರು. ಓದು ಮುಗಿಯುವಷ್ಟರಲ್ಲಿ ಸಾಲ ನಮ್ಮ ಕೋಣೆಗಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬೆಳೆದಿತ್ತು. ತಂಗಿಯ ಜೊತೆ ಓದಿದವರೆಲ್ಲ ಸಾಲ ತೀರಿಸಲೆಂದು ಕಾಸು ಸಿಗುವ ದೊಡ್ಡ ಆಸ್ಪತ್ರೆಗಳಿಗೆ ಓಡಿದರು. ಇವಳಿಗೆ ಬೇರೆಯೇ ಹುಚ್ಚು.

"ಅಕ್ಕ, ಅಮ್ಮನ ಕೆಮ್ಮಿಗೆ ಒಂದು ಹೆಸರು ಬೇಕು" ಅಂದಳು.

"ಕೆಮ್ಮಿಗೆ ಹೆಸರು ಕೆಮ್ಮು. ಇನ್ನೇನು ನಾಮಕರಣ ಮಾಡ್ತೀಯಾ?"

"ಗೋದಾಮಿಂದ ಬಂದ ರೋಗ ಅಂತ ಸಾಬೀತಾದ್ರೆ ಸಾಹುಕಾರ ಧೂಳು ಎಳೆಯೋ ಫ್ಯಾನು ಹಾಕಿಸ್ಲೇಬೇಕು. ಕಾನೂನಿದೆ. ಮದ್ದಿನ ಖರ್ಚೂ ಅವನೇ ಕೊಡ್ಬೇಕು. ಆದ್ರೆ ಸಾಬೀತು ಮಾಡೋರು ಯಾರೂ ಇಲ್ಲ."

"ಸಾಲ?"

"ಅದಕ್ಕೊಂದು ನಿಧಿ ಇದೆ."

ಇತ್ತು. ಸಂಶೋಧನೆಗೆ ಹೋಗುವ ಡಾಕ್ಟರುಗಳ ಓದಿನ ಸಾಲವನ್ನು ತಾನೇ ತೀರಿಸುವ ನಿಧಿ. ಸಾಲದ ಭಯಕ್ಕೆ ಎಲ್ಲರೂ ದುಡ್ಡಿನ ಹಿಂದೆ ಹೋದರೆ ರೋಗದ ಮೂಲ ಹುಡುಕುವವರು ಯಾರು ಎಂದು ಅವರ ಮಾತು. ಮಾತು ತಪ್ಪಲ್ಲ. ಯಾರು ಹೇಳಿದರೋ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಆದರೆ ಜೊತೆಗೊಂದು ಷರತ್ತು ಅಂಟಿಸಿದ್ದರು. ಡಾಕ್ಟರ ಸಮಯವೆಲ್ಲ ಸಂಶೋಧನೆಗೆ ಹೋಗಬೇಕು. ಚಿಕಿತ್ಸೆಗೆ ವರ್ಷಕ್ಕೆ ಇಷ್ಟೇ ಗಂಟೆ ಎಂದು ಚೂರು ಪಾಲು. ಅದು ಮೀರಿದರೆ ನೆರವು ರದ್ದು. ಸಾಲವೆಲ್ಲ ಜಾಮೀನು ನಿಂತವರ ತಲೆಗೆ. ರೋಗ ಹುಡುಕಬೇಕು, ರೋಗಿಯನ್ನು ಮುಟ್ಟಬಾರದು. ಇದನ್ನು ಅಳೆಯಲು ಅವರು ಒಬ್ಬ ಮನುಷ್ಯನನ್ನೇ ಕಳಿಸಿದರು.

ಅವನ ಕೊರಳಲ್ಲಿ ಎರಡು ಗಡಿಯಾರ. ಒಂದು ಹಸಿರು, ಒಂದು ಕೆಂಪು. ತಂಗಿ ಸಂಶೋಧನೆ ಮಾಡುವಾಗ ಹಸಿರು ಒತ್ತುತ್ತಿದ್ದ. ಚಿಕಿತ್ಸೆ ಮಾಡಿದರೆ ಕೆಂಪು. ಅವಳು ಬಚ್ಚಲಿಗೆ ಹೋದರೆ ಎರಡನ್ನೂ ನಿಲ್ಲಿಸಿ ಬಾಗಿಲ ಹೊರಗೆ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಕೆಟ್ಟವನಲ್ಲ ಪಾಪ. ಬಡಕಲು ದೇಹ, ಸದಾ ಎದೆಯುರಿ, ಕಿಸೆಯಲ್ಲಿ ಮಾತ್ರೆ ಪೊಟ್ಟಣ. ಓಣಿಯ ಮಕ್ಕಳು ಅವನಿಗೆ ಗಡಿಯಾರದಪ್ಪ ಎಂದು ಹೆಸರಿಟ್ಟರು. ಅದೇ ಗಟ್ಟಿಯಾಯಿತು.

ನಿಧಿಯ ಹಾಸ್ಟೆಲ್ಲಿನಲ್ಲಿದ್ದ ತಂಗಿ ಅವನ ಜೊತೆ ಮೊದಲ ಸಲ ಓಣಿಗೆ ಬಂದ ದಿನ ನಾವು ಖುಷಿಯಿಂದ ಕುಣಿಯುವುದೊಂದು ಬಾಕಿ. ನಮ್ಮ ಹುಡುಗಿ, ಬಿಳಿ ಕೋಟು, ಕೊರಳಲ್ಲಿ ಎದೆ ಕೇಳುವ ಕೊಳವೆ. ಎಲ್ಲರಿಗಿಂತ ಮುಂದೆ ಹಾರ್ಮೋನಿಯಂ ಮಾಮ ಬಂದ. ಗೋದಾಮಿನಲ್ಲಿ ಎಲ್ಲರಿಗಿಂತ ಹಳಬ. ಉಸಿರಾಡಿದರೆ ಎದೆಯಿಂದ ಹತ್ತೆಂಟು ಸ್ವರ ಹೊರಡುತ್ತವೆ, ಅದಕ್ಕೇ ಆ ಹೆಸರು. ಬಂದವನೇ "ಬಂದ್ಯಾ ಮಗಳೇ" ಎನ್ನಲು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಬಗ್ಗಿ, ಗೋಡೆ ಹಿಡಿದು, ಕಣ್ಣುಗುಡ್ಡೆ ಹೊರಬರುವ ಹಾಗೆ ಕೆಮ್ಮಿದ. ತಂಗಿ ಓಡಿಹೋಗಿ ಬೆನ್ನು ಸವರಿದಳು.

ಟಿಕ್ ಎಂದಿತು. ಕೆಂಪು.

"ಅದ್ಯಾಕ್ರೀ ಒತ್ತಿದ್ರಿ?" ನಾನು ಕೇಳಿದೆ.

"ಬೆನ್ನು ಸವರಿದ್ರಲ್ಲ. ಚಿಕಿತ್ಸೆ" ಅಂದ ಗಡಿಯಾರದಪ್ಪ.

"ಬೆನ್ನು ಸವರೋದೂ ಚಿಕಿತ್ಸೆನಾ? ಜನ ಎಮ್ಮೆ ಬೆನ್ನೂ ಸವರ್ತಾರೆ."

"ಡಾಕ್ಟ್ರು ಸವರಿದ್ರೆ ಅದು ಪಶುಚಿಕಿತ್ಸೆ. ಅದಕ್ಕೂ ಕೆಂಪೇ."

ತಂಗಿ ಚೊಂಬು ತೆಗೆದುಕೊಂಡಳು. ಅವನು ಕೈ ಅಡ್ಡ ಹಿಡಿದ. "ಡಾಕ್ಟ್ರೇ, ನೀವು ಕೊಟ್ರೆ ಔಷಧಿ. ನಿಮ್ಮಕ್ಕ ಕೊಟ್ರೆ ನೀರು. ನೋಡ್ಕೊಳಿ."

ನಾನು ಚೊಂಬು ಕಿತ್ತುಕೊಂಡು ಮಾಮನಿಗೆ ನೀರು ಕುಡಿಸಿದೆ. ಅಷ್ಟರಲ್ಲಿ ತಂಗಿ, "ಮಾಮ, ಎಷ್ಟು ದಿನದಿಂದ ಇದೆ ಈ ಕೆಮ್ಮು?" ಎಂದು ಕೇಳಿದಳು. ಕೆಂಪು ಗಡಿಯಾರ ಇನ್ನೂ ಓಡುತ್ತಲೇ ಇತ್ತು. ಗಡಿಯಾರದಪ್ಪ ಎದೆಯುರಿಯ ಮಾತ್ರೆ ಹುಡುಕುವುದರಲ್ಲಿ ಅದನ್ನು ನಿಲ್ಲಿಸಲು ಮರೆತಿದ್ದ. ಇಡೀ ಓಣಿ ಅದನ್ನು ನೋಡಿತು. ಡಾಕ್ಟರು ಕೆಮ್ಮಿನ ಬಗ್ಗೆ ಕೇಳಿದರೆ ಕೆಂಪು ಓಡುತ್ತದೆ ಎಂದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ನನ್ನ ತಲೆಯಲ್ಲೂ.

ಮಾಮ ಆ ದಿನ ನಲ್ಲಿಯ ಕಟ್ಟೆಯ ಮೇಲೆ ಕೂತು ತಲೆ ಚಚ್ಚಿಕೊಂಡ. "ನನ್ನ ದರಿದ್ರ ಎದೆಯಿಂದ ಮಗುವಿನ ಟೈಮು ಹಾಳಾಯ್ತು. ಹೀಗೇ ಎಲ್ಲರೂ ಕೆಮ್ತಾ ಹೋದ್ರೆ ಆ ತಾಯಿ ಮಕ್ಕಳು ಬೀದಿಗೆ ಬೀಳ್ತಾರೆ."

ನೀರು ಹಿಡಿಯಲು ಬಂದವರೆಲ್ಲ ಕೊಡ ಕೆಳಗಿಟ್ಟರು. ನಮ್ಮ ಓಣಿಯಲ್ಲಿ ಯಾವ ವಿಷಯಕ್ಕೂ ಎಲ್ಲರೂ ಒಪ್ಪಿದ್ದು ನಾನು ಕಂಡಿಲ್ಲ. ಆ ದಿನ ಒಪ್ಪಿದರು. ಹುಡುಗಿಯ ಸಾಲ ತೀರುವ ತನಕ ಅವಳ ಮುಂದೆ ಯಾರೂ ಕೆಮ್ಮುವುದಿಲ್ಲ. ಕೇಳಿದರೂ ಇಲ್ಲ ಎನ್ನುವುದು.

ಮಾಮನೇ ಮೇಷ್ಟರಾದ. ಕೆಮ್ಮು ಗಂಟಲಿಗೆ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು, ಉಗುಳು ನುಂಗುವುದು, ಕಾಲ್ಬೆರಳು ಮಡಚುವುದು, ಮನಸ್ಸಿನಲ್ಲಿ ಸಾಹುಕಾರನನ್ನು ಬಯ್ಯುವುದು. "ಬಯ್ಯೋದು ಮರೀಬೇಡಿ, ಅದ್ರಲ್ಲೇ ಇರೋದು ಶಕ್ತಿ" ಎನ್ನುತ್ತಿದ್ದ. ಬಾಯಲ್ಲಿ ಲವಂಗ ಇಟ್ಟುಕೊಂಡರು. ದಿಂಬಿಗೆ ಮುಖ ಹುದುಗಿಸಿ ಮೊದಲೇ ಕೆಮ್ಮಿ ಖಾಲಿ ಮಾಡಿಕೊಂಡು ಬಂದರು. ತಂಗಿಯ ಕೋಟು ಓಣಿಯ ತುದಿಯಲ್ಲಿ ಕಂಡರೆ ಮಕ್ಕಳು ಸಿಳ್ಳೆ ಹಾಕುತ್ತಿದ್ದರು. ಇಡೀ ಓಣಿ ಉಸಿರು ಬಿಗಿಹಿಡಿಯುತ್ತಿತ್ತು. ಅವಳು ದಾಟಿ ಹೋದ ಮೇಲೆ ಪಟಾಕಿ ಸರ ಹಚ್ಚಿದ ಹಾಗೆ ಹಿಂದಿನಿಂದ ಶುರುವಾಗುತ್ತಿತ್ತು.

ಅಮ್ಮ ಎಲ್ಲರಿಗಿಂತ ನಿಪುಣೆಯಾದಳು. ತಂಗಿ ಊಟಕ್ಕೆ ಬಂದು ಎದುರು ಕೂತರೆ ತಟ್ಟೆ ಖಾಲಿಯಾಗುವ ತನಕ ಒಂದು ಸದ್ದಿಲ್ಲ. ಮುಖ ನೀಲಿಗಟ್ಟುತ್ತಿತ್ತು. ಕಣ್ಣಲ್ಲಿ ನೀರು.

"ಅಮ್ಮ, ನಿನ್ನ ಕೆಮ್ಮು ಎಲ್ಲಿ ಹೋಯ್ತು?" ಒಂದು ದಿನ ತಂಗಿ ಕೇಳಿದಳು.

ಅಮ್ಮ ಕೈಯಲ್ಲೇ 'ಹೋಯಿತು' ಎಂದು ತೋರಿಸಿದಳು. ಬಾಯಿ ಬಿಡುವ ಹಾಗಿರಲಿಲ್ಲ.

"ಹೋಯ್ತು ಅಂದ್ರೆ? ನಾನು ತೊಟ್ಟಿಲಲ್ಲಿದ್ದಾಗಿಂದ ಕೇಳಿರೋ ಕೆಮ್ಮು."

"ವಯಸ್ಸಾಯ್ತಲ್ಲ, ಅದಕ್ಕೂ ಸುಸ್ತಾಗಿರ್ಬೇಕು" ಎಂದು ನಾನು ಸಾರು ಬಡಿಸಿದೆ.

ತಂಗಿಗೆ ಅಮ್ಮನ ಎದೆ ಪರೀಕ್ಷೆ ಮಾಡುವ ಹಾಗೂ ಇರಲಿಲ್ಲ. ಸ್ವಂತದವರ ಕೆಮ್ಮು ಪುರಾವೆಯಲ್ಲ ಎಂದು ನಿಧಿಯ ನಿಯಮ. ಅಮ್ಮನನ್ನೂ ನನ್ನನ್ನೂ ಬಿಟ್ಟು ಉಳಿದವರನ್ನು ಅವಳು ಒಬ್ಬೊಬ್ಬರಾಗಿ ಕೂರಿಸಿ ಕೇಳಬೇಕಿತ್ತು. ಕೇಳಿದಳು. "ಕೆಮ್ಮು ಬರುತ್ತಾ?" "ಇಲ್ಲಮ್ಮ." "ಕಫ?" "ಎಂಥದೂ ಇಲ್ಲ." "ರಜೆ ಮುಗಿಸಿ ಕೆಲಸಕ್ಕೆ ಹೋದ ದಿನ ಎದೆ ಹಿಡಿದ ಹಾಗೆ ಆಗುತ್ತಾ?" "ನಮಗೇನಾಗಿದೆ ಧಾಡಿ, ಗುಂಡುಕಲ್ಲಿನ ಹಾಗಿದೀವಿ." ಪಕ್ಕದ ಮನೆ ಅತ್ತೆಗೆ ನಡುವೆ ಕೆಮ್ಮು ಒತ್ತಿ ಬಂತು. ನುಂಗಿದಳು. ಕಣ್ಣೀರು ಧಾರಾಕಾರ ಸುರಿಯಿತು.

"ಯಾಕತ್ತೆ ಅಳ್ತಿದೀರಾ?"

"ಸಂತೋಷಕ್ಕೆ ಕಣಮ್ಮ. ನೀನು ಡಾಕ್ಟ್ರಾದೆಯಲ್ಲ."

ಆಮೇಲೆ ಊದುವ ಯಂತ್ರ. ಕೊಳವೆಗೆ ಬಾಯಿಟ್ಟು ಉಸಿರೆಲ್ಲ ಊದಬೇಕು. ಎದೆಯಲ್ಲಿ ಎಷ್ಟು ಗಾಳಿಗೆ ಜಾಗ ಉಳಿದಿದೆ ಎಂದು ಅದು ಹೇಳುತ್ತದೆ. ಕೆಮ್ಮನ್ನು ಅಡಗಿಸಬಹುದು, ಉಸಿರು ಎಲ್ಲಿಂದ ತರುವುದು? ಎಲ್ಲರ ಅಂಕಿಯೂ ಕೆಳಗೆ ಬಂತು. ತಂಗಿಯ ಮುಖ ಅರಳಿತು, ಪುರಾವೆ ಸಿಕ್ಕಿತೆಂದು. ಆಗ ಗಡಿಯಾರದಪ್ಪ ಯಂತ್ರದ ಬದಿಯ ಗುಂಡಿ ತೋರಿಸಿದ.

"ಡಾಕ್ಟ್ರೇ, ಜನ ಯಾವ ಥರ ಅಂತ ನೀವು ಹಾಕೇ ಇಲ್ಲ."

ಆ ಗುಂಡಿಗೆ ಎರಡು ಮನೆ. ಒಂದು 'ಸಾಮಾನ್ಯ'. ಇನ್ನೊಂದು 'ಇತರೆ'. ಇತರೆ ಜನಕ್ಕೆ ಹುಟ್ಟಿನಿಂದಲೇ ಉಸಿರು ಕಮ್ಮಿ ಎಂದು ಯಂತ್ರ ಮಾಡಿದವರು ಯಾರೋ ಯಾವಾಗಲೋ ತೀರ್ಮಾನಿಸಿದ್ದರು. ತಂಗಿ ಒಪ್ಪಲಿಲ್ಲ. ಜಗಳ ಮಾಡಿದಳು. ನಿಧಿಯವರು ನಮ್ಮಂಥವರನ್ನು ಇತರೆಗೇ ಹಾಕಬೇಕೆಂದರು. ಗುಂಡಿ ತಿರುಗಿಸಿದ ಕ್ಷಣಕ್ಕೆ ನಮ್ಮ ಓಣಿಯ ರೋಗಿಗಳೆಲ್ಲ ಆರೋಗ್ಯವಂತರಾದರು. ಮಾಮನ ಹೆಸರಿನ ಮುಂದೆ 'ತನ್ನ ವರ್ಗಕ್ಕೆ ತಕ್ಕಷ್ಟು' ಎಂದು ಬಂತು.

"ಅಂದ್ರೆ ಏನು?" ಮಾಮ ನನ್ನನ್ನು ಕೇಳಿದ.

"ನಿಮ್ಮಂಥವರಿಗೆ ಇಷ್ಟು ಉಸಿರು ಸಾಕು ಅಂತೆ ಮಾಮ."

ಮಾಮ ಊದಿದ ಕೊಳವೆಯನ್ನು ಅಂಗಿಗೆ ಒರೆಸಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ. "ಅವರಿಗೆ ಎಷ್ಟು ಬೇಕಂತೆ?"

ನನಗೆ ಆ ಯಂತ್ರವನ್ನು ಹಲ್ಲಿನ ಯಂತ್ರದ ಬಾಯಿಗೆ ಎತ್ತಿ ಹಾಕಬೇಕೆನ್ನಿಸಿತು. ಗುಂಡಿ ಕಿತ್ತು, ಜಿಪ್ಪು ಕಿತ್ತು, ನಾರು ಮಾಡಬೇಕೆನ್ನಿಸಿತು.

ಉಸಿರಿನ ಅಂಕಿ ಹೀಗೆ ಲೆಕ್ಕಕ್ಕಿಲ್ಲದಂತಾದ ಮೇಲೆ ಉಳಿದದ್ದು ಕೆಮ್ಮು ಒಂದೇ. ಕೆಮ್ಮಿದ್ದರೆ ರೋಗ, ಇಲ್ಲದಿದ್ದರೆ ಇಲ್ಲ. ಇಡೀ ಓಣಿಯಲ್ಲಿ ಕೆಮ್ಮುವವರು ಯಾರೂ ಇಲ್ಲ ಎಂದು ನಾವೇ ಬಾಯಾರೆ ಹೇಳಿದ್ದೆವು. ಅಂಕಿಗಳನ್ನು ವಾರವಾರವೂ ನಿಧಿಗೆ ಕಳಿಸಬೇಕಿತ್ತು. ಅವರೇ ಕೂಡಿಸಿ ಫಲಿತಾಂಶ ಪ್ರಕಟಿಸಿದರು. ಚಿಂದಿ ಗೋದಾಮಿನ ಧೂಳಿನಿಂದ ಇತರೆ ಜನಕ್ಕೆ ಏನೂ ಆಗುವುದಿಲ್ಲ.

ಸಾಹುಕಾರ ಕುಣಿದ. ಗೇಟಿನ ಮೇಲೆ 'ಆರೋಗ್ಯವಂತ ಗೋದಾಮು' ಎಂದು ಬಟ್ಟೆ ಕಟ್ಟಿಸಿದ. ಅದೂ ನಾವು ಹರಿದಿಟ್ಟ ಬಟ್ಟೆಯೇ. ಮುಖಕ್ಕೆ ಕಟ್ಟಿಕೊಳ್ಳಲು ಕೊಡುತ್ತಿದ್ದ ತೆಳು ಬಟ್ಟೆಯ ತುಂಡನ್ನು ನಿಲ್ಲಿಸಿದ. ಒಂದು ಹಳೆಯ ಫ್ಯಾನು ತಿರುಗುತ್ತಿತ್ತು, ಅದನ್ನೂ ಬಿಚ್ಚಿಸಿದ. ಆಮೇಲೆ ದಂಡ ಶುರುವಾಯಿತು. ಕೆಮ್ಮಿದರೆ ಅರ್ಧ ದಿನದ ಕೂಲಿ ಕಟ್.

"ಯಾಕ್ರೀ ಕಟ್?" ನಾನು ಮೇಸ್ತ್ರಿಯ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.

"ಇಲ್ಲದ ಕೆಮ್ಮು ಕೆಮ್ತಿದೀರಾ. ನಾಟಕ. ನಿಮಗೆ ಕೆಮ್ಮಿಲ್ಲ ಅಂತ ಡಾಕ್ಟ್ರೇ ಬರ್ದಿದಾರಲ್ಲ, ನಿಮ್ಮ ತಂಗಿನೇ."

ಅಲ್ಲಿಗೆ ನಾವು ತಂಗಿಯ ಮುಂದೆ ನುಂಗುತ್ತಿದ್ದದ್ದನ್ನು ಗೋದಾಮಿನಲ್ಲೂ ನುಂಗಬೇಕಾಯಿತು. ಗಂಟು ಹೊತ್ತು ನುಂಗಿದೆವು, ಗುಂಡಿ ಕತ್ತರಿಸುತ್ತ ನುಂಗಿದೆವು. ಪಕ್ಕದ ಮನೆ ಅತ್ತೆ ನುಂಗಲಾಗದೆ ಯಂತ್ರದ ಪಕ್ಕ ಕುಸಿದು ಬಿದ್ದಳು. ಬಿದ್ದದ್ದಕ್ಕೂ ಕಟ್ ಆಯಿತು.

ದಂಡದ ಸುದ್ದಿ ತಂಗಿಯ ಕಿವಿಗೆ ಬಿತ್ತು. ಒಂದು ಸಂಜೆ ಕೋಣೆಗೆ ನುಗ್ಗಿದಳು. ಗಡಿಯಾರದಪ್ಪ ಹೊಸ್ತಿಲ ಮೇಲೆ ಕೂತ.

"ಅಕ್ಕ, ಕೆಮ್ಮಿಲ್ಲ ಅಂದವರಿಗೆ ದಂಡ ಹೇಗೆ ಬೀಳುತ್ತೆ? ಹೇಳು. ನನ್ನ ಮುಂದೆ ಸುಳ್ಳು ಹೇಳಿದ್ರಾ?"

"ನಿನಗೋಸ್ಕರ ಕಣೇ. ನೀನು ಕೇಳಿದಾಗ ನಾವು ಹೌದು ಅಂದ್ರೆ ಕೆಂಪು ಓಡಲ್ವಾ?"

ತಂಗಿ ಕಿರುಚಿದಳು. "ಕೇಳೋದು ಹಸಿರು! ಕೇಳೋದೇ ಸಂಶೋಧನೆ! ಮುಟ್ಟೋದು ಮಾತ್ರ ಕೆಂಪು!"

ಹೊಸ್ತಿಲ ಮೇಲಿದ್ದವನು ತಲೆ ತಗ್ಗಿಸಿದ. "ಮೊದಲ ದಿನ ನಾನೇ ನಿಲ್ಸೋಕೆ ಮರ್ತೆ" ಎಂದು ಗೊಣಗಿದ.

ತಂಗಿ ನಕ್ಕಳು. ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಗೋಡೆಗೆ ಹಣೆ ಕೊಟ್ಟು ಅತ್ತಳು. ನಾನು ಹೇಗೆ ಸಮಾಧಾನ ಮಾಡಲಿ? ಪ್ರೀತಿಯಿಂದಲೇ ನಾವು ಅವಳ ಕೆಲಸದ ಕತ್ತು ಹಿಸುಕಿದ್ದೆವು.

ಮರುದಿನವೇ ಅವಳು ನಿಧಿಯ ಆಫೀಸಿಗೆ ಹೋದಳು. ಮತ್ತೆ ಮೊದಲಿನಿಂದ ಕೇಳುತ್ತೇನೆ ಎಂದಳು. ಫಲಿತಾಂಶ ಬಂದಾಯಿತು, ಚೆನ್ನಾಗಿಯೇ ಬಂದಿದೆ, ಬಂದದ್ದನ್ನು ನೀವೇ ಸುಳ್ಳೆಂದರೆ ಈ ವರ್ಷ ನೀವು ಸಂಶೋಧನೆಯನ್ನೇ ಮಾಡಿಲ್ಲ ಎಂದಾಗುತ್ತದೆ, ಮಾಡಿಲ್ಲ ಎಂದಾದರೆ ನೆರವಿಲ್ಲ ಎಂದರು. ವಾಪಸು ಬಂದು ಬಿಳಿ ಕೋಟು ಬಿಚ್ಚಿ ಮೂಲೆಗೆ ಎಸೆದು ಕೂತಳು. ಅಮ್ಮ ಅವಳ ತಲೆ ನೇವರಿಸಿ, ಲವಂಗ ಕೆನ್ನೆಗೆ ಸರಿಸಿ, ಸಣ್ಣಗೆ ಹೇಳಿದಳು. "ಮೊದ್ಲು ಸಾಲ ತೀರ್ಸೋ ಚೆಕ್ಕು ಇಸ್ಕೊ. ಈ ಕೋಣೆ ಉಳೀಲಿ. ಆಮೇಲೆ ಕೆಮ್ಮಿಗೆ ಹೆಸರು ಹುಡುಕಿದ್ರಾಯ್ತು. ಅದೆಲ್ಲಿಗೆ ಓಡಿಹೋಗುತ್ತೆ?"

ತಂಗಿ ತಲೆಯಾಡಿಸಿದಳು. ನಾನೂ ಬೇಡ ಅನ್ನಲಿಲ್ಲ. ಕೋಣೆ ಹೋದರೆ ಅಮ್ಮನನ್ನು ಎಲ್ಲಿ ಮಲಗಿಸುವುದು?

ಚೆಕ್ಕು ಕೊಡುವ ಸಮಾರಂಭ ಗೋದಾಮಿನಲ್ಲೇ ಆಗಬೇಕೆಂದು ಸಾಹುಕಾರ ಪಟ್ಟು ಹಿಡಿದ. ಖರ್ಚು ತನ್ನದೆಂದ. ರಜೆಯ ಮರುದಿನ ಇಟ್ಟ. ಹಲಗೆ ಜೋಡಿಸಿ ವೇದಿಕೆ ಮಾಡಿದರು. ನಿಧಿಯ ಅಧ್ಯಕ್ಷರು ಬಂದರು. ತುಂಬಿದ ಮೈ, ಇಸ್ತ್ರಿ ಮಾಡಿದ ಕೋಟು, ಸುಗಂಧದ ವಾಸನೆ. ಆ ಕೋಟು ಮುಂದೊಂದು ದಿನ ನಮ್ಮ ಗಂಟಿಗೇ ಬರುತ್ತದೆ ಎಂದು ಯೋಚಿಸಿ ನನಗೆ ನಗು ಬಂತು. ಜಾಮೀನುದಾರರೆಂದು ಅಮ್ಮನನ್ನೂ ನನ್ನನ್ನೂ ವೇದಿಕೆಯ ಮೂಲೆಯಲ್ಲಿ ನಿಲ್ಲಿಸಿದರು. ಎದುರಿಗೆ ಇಡೀ ಓಣಿ ಗಂಟುಗಳ ಮೇಲೆ ಕೂತಿತ್ತು. ಎಲ್ಲರ ಬಾಯಿಯೂ ಬಿಗಿದಿತ್ತು. ಕಾಲ್ಬೆರಳು ಮಡಚಿತ್ತು.

ಗಡಿಯಾರದಪ್ಪ ನನ್ನ ಪಕ್ಕ ಬಂದು ನಿಂತ. "ಚೆಕ್ಕು ಕೈಗೆ ಬರೋವರೆಗೂ ಇದರ ಲೆಕ್ಕ ನಡೆಯುತ್ತೆ. ಮಕ್ಕಳ ಜ್ವರ, ಗಾಯ ಅಂತ ಡಾಕ್ಟ್ರು ಮುಟ್ಟಿದ್ದೆಲ್ಲ ಸೇರಿ ಕೆಂಪಲ್ಲಿ ಇನ್ನು ಚೂರೇ ಚೂರು ಉಳಿದಿದೆ. ತುಂಬಿದ್ರೆ ಗಂಟೆ ಬಾರಿಸುತ್ತೆ. ಇವತ್ತೊಂದಿನ ಯಾರೂ ಬೀಳದೇ ಇದ್ರೆ ಸಾಕು" ಎಂದು ಪಿಸುಗುಟ್ಟಿದ. ನಮ್ಮ ಬಗ್ಗೆ ಅವನಿಗೆ ನಿಜವಾಗಿ ಕಾಳಜಿ ಹುಟ್ಟಿತ್ತು. ಓಣಿಯಲ್ಲಿ ವರ್ಷ ಕಳೆದಿದ್ದನಲ್ಲ. ನಡುನಡುವೆ ತಂಗಿಯ ಹತ್ತಿರ ತನ್ನ ಎದೆಯುರಿಗೆ ಮದ್ದು ಕೇಳುತ್ತಿದ್ದ. ಆಗ ಎರಡೂ ಗಡಿಯಾರ ನಿಲ್ಲಿಸಿ, "ಇದು ಕುಶಲೋಪರಿ" ಎನ್ನುತ್ತಿದ್ದ.

ಅಧ್ಯಕ್ಷರು ಚೆಕ್ಕು ತೆಗೆದರು. ತಂಗಿ ಕೈ ಚಾಚಿದಳು. ಫೋಟೋದವನು, "ಹಿಂದೆ ಯಂತ್ರ ಓಡ್ತಾ ಇದ್ರೆ ಚೆನ್ನಾಗಿರುತ್ತೆ" ಅಂದ. ಸಾಹುಕಾರ ಬೆರಳಾಡಿಸಿದ. ಮೇಸ್ತ್ರಿ ಯಂತ್ರ ಹಾಕಿ ಹಳೆಯ ಕಂಬಳಿಗಳನ್ನು ತಳ್ಳಿದ. ಕಂಬಳಿಗಿಂತ ಕೆಟ್ಟ ಧೂಳು ಇನ್ನೊಂದಿಲ್ಲ. ಬೂದು ಮೋಡ ಎದ್ದು ವೇದಿಕೆಯ ಮೇಲೆ ಕವಿಯಿತು.

ಎದುರಿಗೆ ಕೂತವರಲ್ಲಿ ಒಬ್ಬರೂ ಮಿಸುಕಲಿಲ್ಲ. ಅಧ್ಯಕ್ಷರು ಕೆಮ್ಮಿದರು.

ಒಂದು ಸಲ. ಮತ್ತೆ. ಆಮೇಲೆ ನಿಲ್ಲಲಿಲ್ಲ. ಮುಖ ಕೆಂಪಾಯಿತು, ಕಣ್ಣು ತೇಲಿತು, ಚೆಕ್ಕು ಹಿಡಿದ ಕೈಯಿಂದಲೇ ಎದೆ ಒತ್ತಿಕೊಂಡರು. "ಅಬ್ಬಾ, ಏನು ಧೂಳ್ರೀ ಇದು! ಮನುಷ್ಯರು ಇರೋ ಜಾಗನಾ ಇದು!" ಎಂದು ಏದುಸಿರಿನಲ್ಲಿ ಕೂಗಿದರು.

"ಯಂತ್ರ ನಿಲ್ಸೋ ಮುಂಡೇದೇ!" ಸಾಹುಕಾರ ಮೇಸ್ತ್ರಿಯ ಮೇಲೆ ಹಾರಿದ.

ಯಂತ್ರ ನಿಂತಿತು. ಅತ್ತೆ ಬಿದ್ದ ದಿನ ಅದು ನಿಂತಿರಲಿಲ್ಲ. ನನ್ನ ಅಪ್ಪ ಅದರ ಪಕ್ಕದಲ್ಲೇ ಕೊನೆಯ ಉಸಿರೆಳೆದ ದಿನವೂ ನಿಂತಿರಲಿಲ್ಲ.

ತಂಗಿ ಆಗಲೇ ಅಧ್ಯಕ್ಷರ ಕೊರಳ ಗುಂಡಿ ಬಿಚ್ಚಿದ್ದಳು. ಮುಂದಕ್ಕೆ ಬಾಗಿಸಿ ಕೂರಿಸಿದಳು. ಬೆನ್ನು ಸವರಿದಳು. ನೀರು ಕುಡಿಸಿದಳು. ಕೊಳವೆ ಇಟ್ಟು ಎದೆ ಕೇಳಿದಳು. ಅವಳ ಕೈ ಅಷ್ಟು ಸಲೀಸಾಗಿ ಓಡಾಡುವುದನ್ನು ನಾನು ಅವತ್ತೇ ನೋಡಿದ್ದು. ವರ್ಷವಿಡೀ ಕಟ್ಟಿಹಾಕಿದ್ದ ಕೈ.

ನಾನು ಪಕ್ಕಕ್ಕೆ ನೋಡಿದೆ. ಕೆಂಪು ಗಡಿಯಾರ ನಿಂತೇ ಇತ್ತು.

"ಒತ್ರೀ" ಅಂದೆ.

"ಸುಮ್ನಿರಮ್ಮ. ಅವರು ಅಧ್ಯಕ್ಷರು."

"ಬೆನ್ನು ಸವರಿದ್ಲು. ನೀರು ಕೊಟ್ಳು."

"ದೊಡ್ಡವರಿಗೆ ಮಾಡಿದ್ದು ಚಿಕಿತ್ಸೆ ಅಲ್ಲ, ಉಪಚಾರ. ಒತ್ತಿದ್ರೆ ಕೆಂಪು ತುಂಬುತ್ತೆ. ಸಾಲ ನಿಮ್ಮ ತಲೆಗೇ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಸುಮ್ನಿರಿ."

ನಿಜ. ಸುಮ್ಮನಿದ್ದರೆ ಆಗುತ್ತಿತ್ತು. ಅವರು ಕೆಮ್ಮಿ ಸುಧಾರಿಸಿಕೊಳ್ಳುತ್ತಿದ್ದರು, ಚೆಕ್ಕು ಕೊಡುತ್ತಿದ್ದರು, ಕೋಣೆ ಉಳಿಯುತ್ತಿತ್ತು. ನಾನು ಎದುರಿಗೆ ನೋಡಿದೆ. ಮಾಮ ಗಂಟಿನ ಮೇಲೆ ಕೂತಿದ್ದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಅವನ ಭುಜ ಕುಲುಕುತ್ತಿತ್ತು. ಅವನ ಬೆನ್ನನ್ನು ಸವರಿದರೆ ಕೆಂಪು. ಎಮ್ಮೆಯ ಬೆನ್ನು ಸವರಿದರೂ ಕೆಂಪು. ಈ ಬೆನ್ನಿಗೆ ಮಾತ್ರ ಗಡಿಯಾರವೇ ಇಲ್ಲ. ಇಷ್ಟು ದಿನ ಕೆಮ್ಮನ್ನು ನುಂಗಿದ್ದೆ. ಇದನ್ನು ನುಂಗಲು ಆಗಲಿಲ್ಲ.

ತಂಗಿ ತಲೆಯೆತ್ತಿದಳು. ನನ್ನನ್ನು ನೋಡಿದಳು. ಗಡಿಯಾರವನ್ನು ನೋಡಿದಳು.

"ಒತ್ತು ಅಕ್ಕ" ಅಂದಳು.

ಗಡಿಯಾರದಪ್ಪನ ಎದೆಗೆ ಕೈ ಹಾಕಿ ಕೆಂಪು ಒತ್ತಿದೆ. ಟಿಕ್. ಅವನು ಬಿಡಿಸಿಕೊಳ್ಳಲು ನೋಡಿದ. ಗಂಟು ಹೊತ್ತ ಕೈ ನನ್ನದು, ಬಿಡಲಿಲ್ಲ. ತಂಗಿ ಅವಸರ ಮಾಡಲಿಲ್ಲ. "ಇನ್ನೊಂದ್ಸಲ ಉಸಿರು ಎಳ್ಕೊಳಿ ಸಾರ್. ಹಾಂ, ಬಿಡಿ. ಮತ್ತೆ. ಈ ಕಡೆ ತಿರುಗಿ" ಎನ್ನುತ್ತ ಅವರ ಬೆನ್ನಿನ ಒಂದು ಅಂಗುಲವನ್ನೂ ಬಿಡದೆ ಕೇಳಿದಳು.

ಗಂಟೆ ಬಾರಿಸಿತು. ಅಷ್ಟು ಸಣ್ಣ ಗಡಿಯಾರಕ್ಕೆ ಅಷ್ಟು ದೊಡ್ಡ ಗಂಟಲಿದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಏನದು?" ಅಧ್ಯಕ್ಷರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

ಗಡಿಯಾರದಪ್ಪ ಅಳುವವನ ಹಾಗೆ ಹೇಳಿದ. "ಚಿಕಿತ್ಸೆಯ ಮಿತಿ ಮೀರಿತು ಸಾರ್. ತಮಗೆ ಮಾಡಿದ್ದು."

ಅಧ್ಯಕ್ಷರು ಯೋಚಿಸಿದರು. ಫೋಟೋದವನ ಕಡೆ ನೋಡಿದರು. ಎದೆ ಸೆಟೆಸಿದರು. "ನಿಯಮ ಅಂದ್ರೆ ನಿಯಮ. ನನಗೊಂದು, ಬೇರೆಯವರಿಗೊಂದು ಇಲ್ಲ" ಎಂದು ಚೆಕ್ಕನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಸಾಹುಕಾರ ಅಭ್ಯಾಸ ಬಲದಿಂದ ಚಪ್ಪಾಳೆ ತಟ್ಟಿದ.

ತಂಗಿ ಮೈಕಿನ ಹತ್ತಿರ ಹೋದಳು. "ಸಾರ್, ಹಾಗಾದ್ರೆ ನಿಮಗೆ ಬಂದಿದ್ದು ಕೆಮ್ಮು ಅಂತ ಒಪ್ತೀರಾ?"

"ಇನ್ನೇನಮ್ಮ, ಹಾಡಾ?"

"ಈ ಗೋದಾಮಿನ ಧೂಳಿಂದ ಬಂದಿದ್ದು?"

"ಮತ್ತೆಲ್ಲಿಂದ ಬರುತ್ತೆ?" ಎಂದವರು ಸಾಹುಕಾರನ ಮುಖ ಕಂಡು ನಾಲಿಗೆ ಕಚ್ಚಿಕೊಂಡರು. ಆದರೆ ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿಯಾಗಿತ್ತು. ಎದುರಿಗಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲ ನಮ್ಮ ತಲೆಗೆ ಬಿತ್ತು ಎಂದು ಎಲ್ಲರಿಗೂ ಗೊತ್ತಾಯಿತು. ಕೋಣೆ ಹೋಯಿತು ಎಂದು ನನಗೆ ಗೊತ್ತಾಯಿತು. ಆದರೂ ಒತ್ತಿದ ಬೆರಳನ್ನು ಹಿಂದಕ್ಕೆ ತೆಗೆಯಬೇಕೆನ್ನಿಸಲಿಲ್ಲ.

ಆಗ ಅಮ್ಮ ಮೂಲೆಯಿಂದ ಮುಂದೆ ಬಂದಳು. ಮುಖ ಪೂರ್ತಿ ನೀಲಿಗಟ್ಟಿತ್ತು. ಬಾಯಿಂದ ಲವಂಗ ತೆಗೆದು ಅಂಗೈಯಲ್ಲಿ ಹಿಡಿದಳು. ಸೆರಗು ಸರಿಮಾಡಿಕೊಂಡಳು. ಅಧ್ಯಕ್ಷರ ಎದುರು ನಿಂತು, ದೊಡ್ಡವರ ಹತ್ತಿರ ಕೇಳುವ ವಿನಯದಲ್ಲೇ ಕೇಳಿದಳು.

"ಹಾಗಾದ್ರೆ ಸ್ವಾಮಿ, ಇನ್ನು ನಾವು ಕೆಮ್ಮಬಹುದಾ?"

ಅಧ್ಯಕ್ಷರು ಸಾಹುಕಾರನನ್ನು ನೋಡಿದರು. ಸಾಹುಕಾರ ಗಡಿಯಾರದಪ್ಪನನ್ನು ನೋಡಿದ. ಗಡಿಯಾರದಪ್ಪ ನಿಯಮ ನೆನಪು ಮಾಡಿಕೊಳ್ಳುವವನ ಹಾಗೆ ಕಣ್ಣು ಮುಚ್ಚಿದ.

ಅಮ್ಮ ಉತ್ತರಕ್ಕೆ ಕಾಯಲಿಲ್ಲ.